‘ಡಿಸ್ರಪ್ಟರ್’ ಎಂಬ ಆಪಾದನೆ

‘ಎಂಡೋಕ್ರೈನ್ ಡಿಸ್ರಪ್ಟರ್’ ಎಂಬ ಜೋಡಿಪದ ಬಳಕೆಗೆ ಬಂದದ್ದು 1991ರ ಜುಲೈನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಂಗ್‌ಸ್ಪ್ರೆಡ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ. ಸಭೆ ಕರೆದವರು ಪ್ರಾಣಿಶಾಸ್ತ್ರಜ್ಞೆ ಥಿಯೋ ಕೋಲ್‌ಬಾರ್ನ್. ಪರಿಸರ ಸೇರಿದ ಕೆಲವು ರಾಸಾಯನಿಕಗಳು ಹಾರ್ಮೋನುಗಳ ವೇಷ ತೊಟ್ಟು, ಇಲ್ಲವೇ ಅವುಗಳ ದಾರಿಗೆ ಅಡ್ಡಬಂದು, ನಿರ್ನಾಳ ಗ್ರಂಥಿಗಳ ಕೆಲಸ ಕೆಡಿಸುತ್ತವೆ ಎಂಬುದು ಅಲ್ಲಿ ಮೂಡಿದ ಒಮ್ಮತ. ಅದಕ್ಕೂ ಮೊದಲಿದ್ದ ‘ಪರಿಸರದ ಈಸ್ಟ್ರೋಜೆನ್’ ಎಂಬ ಹೆಸರಿನಲ್ಲಿ ಥೈರಾಯ್ಡಿಗಾಗಲಿ ಪುರುಷ ಹಾರ್ಮೋನುಗಳಿಗಾಗಲಿ ಜಾಗವಿರಲಿಲ್ಲ.

ಹೊಸ ಪದದೊಳಗೆ ಒಂದು ಆಪಾದನೆಯಿತ್ತು. ಕೆಡಿಸುತ್ತದೆ ಎಂದ ಮೇಲೆ ಕೆಟ್ಟದ್ದೇನೆಂದು ತೋರಿಸಬೇಕು. ಅಮೆರಿಕದ ಸಂಸತ್ತು 1996ರ ಆಹಾರ ಗುಣಮಟ್ಟ ಸಂರಕ್ಷಣಾ ಕಾಯ್ದೆಯಲ್ಲಿ ಈಸ್ಟ್ರೋಜೆನ್ನಿನಂಥ ಪರಿಣಾಮವನ್ನು, ಅಗತ್ಯವೆನಿಸಿದರೆ ಇತರ ಅಂತಃಸ್ರಾವ ಪರಿಣಾಮಗಳನ್ನು ಪರೀಕ್ಷಿಸಬೇಕೆಂದಷ್ಟೇ ಹೇಳಿತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರ ತನ್ನ ವರದಿಗೆ ‘ಹಾರ್ಮೋನಿನಂತೆ ವರ್ತಿಸುವ ವಸ್ತುಗಳು’ ಎಂಬರ್ಥದ ಸಪ್ಪೆ ಹೆಸರಿಟ್ಟಿತು. ಅದು ಬೇರೂರಲಿಲ್ಲ, ಪರಿಸರ ಸಂರಕ್ಷಣಾ ಸಂಸ್ಥೆಯ ಪರೀಕ್ಷಾ ಯೋಜನೆಯ ಹೆಸರಿನಲ್ಲೇ ‘ಡಿಸ್ರಪ್ಟರ್’ ಬಂದು ಕೂತಿತು. ಆದರೆ ಪರೀಕ್ಷಿಸಬೇಕಾದ 67 ರಾಸಾಯನಿಕಗಳ ಮೊದಲ ಪಟ್ಟಿ ಅಂತಿಮವಾಗಿದ್ದು 2009ರಲ್ಲಿ, ಕಾಯ್ದೆಯಾಗಿ 13 ವರ್ಷಗಳ ಬಳಿಕ.

ಪದದ ಭವಿಷ್ಯ ನಿಂತದ್ದು ವಿಶ್ವ ಆರೋಗ್ಯ ಸಂಸ್ಥೆಯ ರಾಸಾಯನಿಕ ಸುರಕ್ಷತಾ ಕಾರ್ಯಕ್ರಮ 2002ರಲ್ಲಿ ಕೊಟ್ಟ ವ್ಯಾಖ್ಯೆಯ ಮೇಲೆ. ಹೊರಗಿನ ವಸ್ತು ಅಂತಃಸ್ರಾವ ವ್ಯವಸ್ಥೆಯ ಕೆಲಸವನ್ನು ಬದಲಿಸಬೇಕು, ‘ಅದರಿಂದಾಗಿ’ ಜೀವಿಗೋ ಅದರ ಸಂತತಿಗೋ ಹಾನಿಯಾಗಬೇಕು. ಕಷ್ಟವೆಲ್ಲ ಈ ‘ಅದರಿಂದಾಗಿ’ಯಲ್ಲಿದೆ. ಹಾರ್ಮೋನು ಬದಲಾದದ್ದು ತಿಳಿಯಬಹುದು, ಹಾನಿಯೂ ಕಾಣಬಹುದು. ಎರಡರ ನಡುವಿನ ಕೊಂಡಿಯನ್ನು ಸಾಬೀತು ಮಾಡಲು ವರ್ಷಗಳು ಹಿಡಿಯುತ್ತವೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2012ರಲ್ಲಿ ಆ ಕೊಂಡಿಯನ್ನೇ ಕೈಬಿಟ್ಟು, ಹಾರ್ಮೋನಿನ ಕೆಲಸದಲ್ಲಿ ತಲೆಹಾಕುವುದೆಲ್ಲ ಡಿಸ್ರಪ್ಟರ್ ಎಂದಿತು. ಯುರೋಪಿಯನ್ ಒಕ್ಕೂಟ ಹಳೆಯ ವ್ಯಾಖ್ಯೆಗೇ ಅಂಟಿಕೊಂಡಿತು. ಕ್ರಿಮಿಕೀಟಗಳನ್ನು ಕೊಲ್ಲುವ ‘ಬಯೋಸೈಡ್’ಗಳಿಗೆ ಅನ್ವಯಿಸುವ ಮಾನದಂಡವನ್ನು 2013ರೊಳಗೆ ರೂಪಿಸಬೇಕಿದ್ದ ಯುರೋಪಿಯನ್ ಆಯೋಗ ಸುಮ್ಮನುಳಿಯಿತು. ಸ್ವೀಡನ್ ಮೊಕದ್ದಮೆ ಹೂಡಿ 2015ರ ಡಿಸೆಂಬರಿನಲ್ಲಿ ಗೆದ್ದಿತು. ಮಾನದಂಡ ಹೊರಬಿದ್ದದ್ದು 2017ರಲ್ಲಿ.

ಕನ್ನಡದ ನೆಲದಲ್ಲಿ ಈ ಪದ ಜನರ ಬಾಯಿಗೆ ಬರಲಿಲ್ಲ, ಸಂಗತಿ ಮಾತ್ರ ಬಂತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದ ಕಾಸರಗೋಡಿನ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲಾ ಹುಡುಗರನ್ನು ಪರೀಕ್ಷಿಸಿತು. ಅವರ ಪ್ರೌಢತೆ ತಡವಾಗುತ್ತಿರಬಹುದು, ಟೆಸ್ಟೋಸ್ಟಿರೋನ್ ತಯಾರಿಗೆ ಅಡ್ಡಿಯಾಗಿರಬಹುದು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಇಡೀ ದೇಶದಲ್ಲಿ ಈ ಕೀಟನಾಶಕವನ್ನು ತಡೆಹಿಡಿಯಿತು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಉಳಿದ ಪದ ‘ಎಂಡೋ ಪೀಡಿತರು’. ಇಲ್ಲಿನ ‘ಎಂಡೋ’ ಎಂಡೋಸಲ್ಫಾನಿನದು, ಎಂಡೋಕ್ರೈನಿನದಲ್ಲ. ಕಾರಣದ ವಾದ ಏನೇ ಇರಲಿ, ಈ ಹೆಸರು ನೊಂದವರನ್ನು ಮುಂದಿಡುತ್ತದೆ.

ಯುರೋಪಿನಲ್ಲಿ 2023ರ ನಿಯಮ ಈ ಪದವನ್ನು ಡಬ್ಬಿಯ ಲೇಬಲ್ಲಿಗೂ ತಂದಿತು. ಸಾಕ್ಷ್ಯ ಗಟ್ಟಿಯಿದ್ದರೆ ಮೊದಲ ವರ್ಗ, ಬರೀ ಶಂಕೆಯಿದ್ದರೆ ಎರಡನೆಯದು. ಎರಡಕ್ಕೂ ಬೇರೆ ಬೇರೆ ಎಚ್ಚರಿಕೆಯ ಮಾತು. ಹೊಸದಾಗಿ ಮಾರುಕಟ್ಟೆಗೆ ಬರುವ ರಾಸಾಯನಿಕಗಳಿಗೆ ಇದು 2025ರ ಮೇ 1ರಿಂದ ಕಡ್ಡಾಯ.