ಗಾಯಗೊಂಡ ಯಕೃತ್ತಿನ ಕರೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಗೆ ಒಮ್ಮೆ ಚಿತ್ರೀಕರಣಕ್ಕೆಂದು ಹೋಗಿದ್ದೆವು. ಕೆಲಸ ಮುಗಿಸಿ ಕ್ಯಾಮೆರಾ ಕಟ್ಟಿಡುತ್ತಿದ್ದಾಗ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಬಳಿ ಬಂದಳು. "ಸಾರ್, ನಮ್ಮ ತಾತನಿಗೆ ಲಿವರ್ ಕೆಟ್ಟಿದೆ. ಮೂಳೆಯೊಳಗಿನ ಮಜ್ಜೆ ತೆಗೆದು ಚುಚ್ಚಿದರೆ ಹೊಸ ಲಿವರ್ ಬೆಳೆಯುತ್ತಂತೆ. ಅದಕ್ಕೆ ಮನೆಯಲ್ಲಿ ಹೊಲ ಮಾರೋಣ ಅಂತಿದ್ದಾರೆ. ಇದು ನಿಜವಾ?" ಎಂದು ಕೇಳಿದಳು. ವಿಜ್ಞಾನ ಓದಿದವನಾದರೂ ನಾನು ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನೀವು ಪಾಠದಲ್ಲಿ ಪಿತ್ತಜನಕಾಂಗವೆಂದು ಓದುವ ಯಕೃತ್ತಿಗೂ ಅಸ್ಥಿಮಜ್ಜೆಗೂ ಹಳೆಯ ನಂಟು. ನಾವು ತಾಯಿಯ ಗರ್ಭದಲ್ಲಿದ್ದಾಗ ಕೆಲವು ತಿಂಗಳು ರಕ್ತಕಣಗಳು ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲೇ. ಹುಟ್ಟುವ ಹೊತ್ತಿಗೆ ಆ ಕೆಲಸ ಮಜ್ಜೆಗೆ ವರ್ಗವಾಗಿರುತ್ತದೆ. ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆಂದು 1868ರಲ್ಲಿ ತೋರಿಸಿದವನು ಜರ್ಮನಿಯ ಅರ್ನ್ಸ್ಟ್ ನೋಯ್ಮನ್. ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಆಕರ ಕೋಶಗಳು ಅಲ್ಲಿವೆ ಎಂಬುದಕ್ಕೆ 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಇಲಿಗಳ ಮೇಲಿನ ಪ್ರಯೋಗದಿಂದ ಪುರಾವೆ ಒದಗಿಸಿದರು.

ಇತ್ತ ಯಕೃತ್ತಿನ ಕಥೆಯೂ ಸೋಜಿಗದ್ದೇ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದರೂ ಉಳಿದ ಭಾಗ ಕೆಲವೇ ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆಂದು 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ತೋರಿಸಿದ್ದರು. ಆದರೆ ಈ ಬೆಳವಣಿಗೆಗೆ ಹೊರಗಿನ ನೆರವೇನಾದರೂ ಇದೆಯೇ?

1999ರಲ್ಲಿ ಅಮೆರಿಕದ ಬ್ರಯಾನ್ ಪೀಟರ್ಸನ್ ಮತ್ತು ಸಂಗಡಿಗರು ಹೆಣ್ಣು ಇಲಿಗಳಿಗೆ ಗಂಡು ಇಲಿಗಳ ಮಜ್ಜೆ ಸೇರಿಸಿ, ಬಳಿಕ ರಾಸಾಯನಿಕದಿಂದ ಯಕೃತ್ತಿಗೆ ಗಾಯ ಮಾಡಿದರು. ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತು ಹೆಣ್ಣಿಲಿಯ ಯಕೃತ್ತಿನ ಕೆಲವು ಕೋಶಗಳಲ್ಲಿ ಕಾಣಿಸಿತು! ಮಜ್ಜೆಯ ಕೋಶವೇ ಯಕೃತ್ತಿನ ಕೋಶವಾಯಿತೆಂದು ಜಗತ್ತು ಬೆರಗಾಯಿತು.

2003ರಲ್ಲಿ ಬೇರೆ ತಂಡಗಳು ತಡೆ ಒಡ್ಡಿದವು. ಮಜ್ಜೆಯ ಕೋಶ ವೇಷ ಬದಲಿಸಿಲ್ಲ, ಯಕೃತ್ತಿನ ಕೋಶದೊಂದಿಗೆ ಬೆಸೆದುಕೊಂಡು ಒಂದಾಗಿದೆ, ಅಷ್ಟೆ ಎಂದವು. ಮರುವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಒಂದು ಸರಳ ಉಪಾಯ ಹೂಡಿತು. ಗಾಯಗೊಂಡ ಯಕೃತ್ತಿನ ತುಣುಕು ಒಂದು ಕಡೆ, ಮಜ್ಜೆಯ ಆಕರ ಕೋಶಗಳು ಇನ್ನೊಂದು ಕಡೆ, ನಡುವೆ ಒಂದು ತಡೆ. ಕೋಶಗಳು ದಾಟಲಾರವು, ಗಾಯದಿಂದ ಸೋರಿದ ರಾಸಾಯನಿಕ ಸಂಕೇತಗಳು ಮಾತ್ರ ದಾಟಬಲ್ಲವು. ಆದರೂ ಮಜ್ಜೆಯ ಕೋಶಗಳಲ್ಲಿ ಯಕೃತ್ತಿನ ಲಕ್ಷಣಗಳು ಮೂಡಿದವು. ಗಾಯಗೊಂಡ ಕೋಶಗಳು ಮಜ್ಜೆಯ ಕೋಶಗಳ ಬೆಳವಣಿಗೆಯ ದಾರಿಯನ್ನೇ ತಿರುಗಿಸಬಲ್ಲವು ಎಂಬುದು ಆ ತಂಡದ ವಾದ.

ಹಾಗಾದರೆ ಹುಡುಗಿಯ ತಾತನಿಗೆ ಹೊಸ ಯಕೃತ್ತು ಸಿಕ್ಕೀತೇ? ಅವಸರ ಬೇಡ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಫಲಿಸುವುದಿಲ್ಲ. ಹೀಗೆ ಬದಲಾಗುವ ಕೋಶಗಳು, ಬದಲಾದರೂ, ಬಹಳ ವಿರಳವೆಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಯಕೃತ್ತು ಚೇತರಿಸಿಕೊಳ್ಳುವುದು ಮುಖ್ಯವಾಗಿ ತನ್ನದೇ ಕೋಶಗಳಿಂದ. ಗಾಯದ ಕರೆಗೆ ಓಗೊಟ್ಟು ಮಜ್ಜೆಯಿಂದ ಬರುವ ಬಿಳಿಯ ರಕ್ತಕಣಗಳಲ್ಲಿ ಕೆಲವು ಗಾಯದ ಕಲೆಯನ್ನು ಕರಗಿಸಲು ನೆರವಾಗುತ್ತವೆ. ಕೆಲವೊಮ್ಮೆ ಕಲೆ ಬೆಳೆಯಲೂ ಕಾರಣವಾಗುತ್ತವೆ. ಬ್ರಿಟನ್ನಿನಲ್ಲಿ ಸಿರೋಸಿಸ್ ಕಾಯಿಲೆಯ 81 ರೋಗಿಗಳ ಮೇಲೆ ಆಕರ ಕೋಶಗಳನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಯಕೃತ್ತಿನ ಕೆಲಸ ಸುಧಾರಿಸಿರಲಿಲ್ಲ.

ನಮ್ಮ ದೇಶದಲ್ಲಿಯೂ ಎಚ್ಚರಿಕೆ ಇದೆ. ಆಕರ ಕೋಶಗಳ ಬಗೆಗಿನ ರಾಷ್ಟ್ರೀಯ ಮಾರ್ಗಸೂಚಿಯ ಹೆಸರಿನಲ್ಲಿದ್ದ 'ಚಿಕಿತ್ಸೆ' ಎಂಬ ಪದವನ್ನೇ 2013ರಲ್ಲಿ ಕೈಬಿಟ್ಟು 'ಸಂಶೋಧನೆ' ಎಂಬುದನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಮಧುರೆಗೆ ಬಹು ದೂರವಲ್ಲದ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ಆಕರ ಕೋಶಗಳ ಅಧ್ಯಯನಕ್ಕೆಂದೇ 2009ರಲ್ಲಿ ಹುಟ್ಟಿದ 'ಇನ್‌ಸ್ಟೆಮ್' ಸಂಸ್ಥೆಯಿದೆ. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಅಲ್ಲಿ ಕುಳಿತು ಈ ಒಗಟು ಬಿಡಿಸಬಹುದು.

ಆ ಹುಡುಗಿಗೆ ಈಗ ನನ್ನ ಉತ್ತರ ಇಷ್ಟೆ: ಯಕೃತ್ತು ಕರೆಯುವುದು ನಿಜ, ಮಜ್ಜೆ ಓಗೊಡುವುದೂ ನಿಜ. ಆದರೆ ಆ ಮಾತನ್ನು ನಂಬಿ ಹೊಲ ಮಾರುವ ಕಾಲ ಇನ್ನೂ ಬಂದಿಲ್ಲ. ತಾತನನ್ನು ತಜ್ಞ ವೈದ್ಯರ ಬಳಿಗೆ ಕರೆದೊಯ್ಯಮ್ಮ, ಹೊಲ ಇರಲಿ.