ದಿ ಎನ್‌ಐಡಿ ಟೇಪ್ಸ್: ಅರ್ಧ ಶತಮಾನ ಮೌನವಾಗಿದ್ದ ಎಲೆಕ್ಟ್ರಾನಿಕ್ ಸಂಗೀತ

‘ದಿ ಎನ್‌ಐಡಿ ಟೇಪ್ಸ್’ ಎಂಬುದು 1969ರಿಂದ 1972ರವರೆಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಧ್ವನಿಮುದ್ರಣಗೊಂಡ ಎಲೆಕ್ಟ್ರಾನಿಕ್ ಸಂಗೀತದ ಸಂಕಲನ. ಇದು ಬಿಡುಗಡೆಯಾದದ್ದು 2023ರಲ್ಲಿ. ರಚನೆಗೂ ಪ್ರಕಟಣೆಗೂ ನಡುವೆ ಅರ್ಧ ಶತಮಾನದ ಅಂತರವಿರುವುದರಿಂದಲೇ ಈ ಸಂಕಲನವನ್ನು ನಾವು ಅರಿಯಬೇಕಾಗಿದೆ.

ಹಿನ್ನೆಲೆ

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಫಲವಾಗಿ 1961ರಲ್ಲಿ ಈ ಸಂಸ್ಥೆ ಸ್ಥಾಪನೆಯಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಗೌತಮ್ ಮತ್ತು ಗೀರಾ ಸಾರಾಭಾಯ್ ಪ್ರಮುಖರು. ಅವರ ಸೋದರಿ ಗೀತಾ ಸಾರಾಭಾಯ್ ಪಖಾವಾಜ್ ವಾದಕಿ. 1946ರಲ್ಲಿ ನ್ಯೂಯಾರ್ಕಿಗೆ ತೆರಳಿದ ಅವರು ಸಂಯೋಜಕ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಕಲಿಸಿ, ಅವರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತರು. ಅಲ್ಲಿ ಶುಲ್ಕದ ಮಾತಿರಲಿಲ್ಲ. ವಿದ್ಯೆಗೆ ವಿದ್ಯೆಯೇ ಪ್ರತಿಫಲವಾಗಿತ್ತು. 1969ರಲ್ಲಿ ಕೇಜ್ ಅವರ ಒಡನಾಡಿ, ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು ಮೂಗ್ ಸಿಂಥಸೈಸರ್ ಹಾಗೂ ಟೇಪ್ ಯಂತ್ರಗಳ ಸ್ಟುಡಿಯೋವನ್ನು ಅಣಿಗೊಳಿಸಿದರು.

ಯಂತ್ರದ ಬಗೆ

ಸಂಗೀತ ಪಾಠದಲ್ಲಿ ಮಕ್ಕಳು ಬಳಸುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲಿ ತಂತಿಯೂ ಇಲ್ಲ, ಗಾಳಿಯೂ ಇಲ್ಲ. ವಿದ್ಯುತ್ತಿನ ಸಂಕೇತವೇ ನಾದವಾಗುತ್ತದೆ. ಮೂಗ್ ಯಂತ್ರದ ಮೂಲತತ್ತ್ವವೂ ಅದೇ. ಆಸಿಲೇಟರ್ ನಾದವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರ ಬಣ್ಣವನ್ನು ಬದಲಿಸುತ್ತದೆ. ವೋಲ್ಟೇಜ್ ಏರಿದಂತೆ ಸ್ವರವೂ ಏರುತ್ತದೆ. ಬಿಡಿ ಘಟಕಗಳನ್ನು ತಂತಿಗಳಿಂದ ಬಗೆಬಗೆಯಾಗಿ ಜೋಡಿಸಿ ಹೊಸ ಧ್ವನಿಗಳನ್ನು ಪಡೆಯಬಹುದು. ಮುದ್ರಿಸಿದ ಟೇಪನ್ನು ಕತ್ತರಿಸಿ, ಅಂಟಿಸಿ, ಹಿಮ್ಮುಖವಾಗಿ ಓಡಿಸಿ ಕೃತಿಯನ್ನು ಕಟ್ಟುವುದು ಆ ಕಾಲದ ರೂಢಿಯಾಗಿತ್ತು.

ರಚನಕಾರರು

ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನರಾಜ್ ಜೋಶಿಪುರ ಅವರ ಕೃತಿಗಳು ಸಂಕಲನದಲ್ಲಿವೆ. ಮಾನವ ಚಂದ್ರನ ಮೇಲೆ ಕಾಲಿರಿಸಿದ ಕಾಲವದು. ಜೋಶಿಪುರ ಅವರ ಕೃತಿಯ ಹೆಸರೇ ‘ಸ್ಪೇಸ್ ಲೈನರ್ 2001’. ಯಂತ್ರದ ಸದ್ದನ್ನೇ ಸಂಗೀತವಾಗಿಸುವ ‘ಇಂಡಸ್ಟ್ರಿಯಲ್’ ಪ್ರಕಾರಕ್ಕೆ ಹೆಸರು ಕೊಟ್ಟ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಇಂಗ್ಲೆಂಡಿನಲ್ಲಿ ಆರಂಭವಾದದ್ದು 1976ರಲ್ಲಿ. ಅಹಮದಾಬಾದಿನ ಪ್ರಯೋಗಗಳು ಅದಕ್ಕೂ ಮೊದಲಿನವು.

ಮೌನ ಮತ್ತು ಮರುದನಿ

ಎಪ್ಪತ್ತರ ದಶಕದ ಆರಂಭದಲ್ಲಿ ಸ್ಟುಡಿಯೋದ ಚಟುವಟಿಕೆ ನಿಂತಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದವು. ಬ್ರಿಟಿಷ್ ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಪತ್ತೆಹಚ್ಚಿ, ಆಯ್ದು ಸಂಕಲಿಸಿದರು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಸರಿನಲ್ಲಿ ನುಡಿಸಿದ ಹತ್ತು ರಾಗಗಳ ಧ್ವನಿಮುದ್ರಿಕೆಗೂ ಇದೇ ಗತಿ ಒದಗಿತ್ತು. 2010ರ ಮರುಬಿಡುಗಡೆಯ ಬಳಿಕವೇ ಅದು ವಿಶ್ವದ ಗಮನ ಸೆಳೆಯಿತು. ಇತಿಹಾಸಕಾರನು ಕೈಗೆ ಸಿಕ್ಕಿದ್ದನ್ನಷ್ಟೇ ಬರೆಯಬಲ್ಲ. ಕೇಳಲು ಸಿಗದ ಸಂಗೀತ ಲೆಕ್ಕಕ್ಕೂ ಸಿಗುವುದಿಲ್ಲ.

ನಾವು ಕಲಿಯಬಹುದಾದುದು

ಗಡಿಯಾಚೆಯ ಕನ್ನಡ ಮನೆಗಳಲ್ಲಿ ಅಜ್ಜಿಯ ಸೋಬಾನೆ, ಊರ ಬಯಲಾಟ, ಶಾಲಾ ವಾರ್ಷಿಕೋತ್ಸವದ ನಾಟಕ ಹಳೆಯ ಕ್ಯಾಸೆಟ್ಟುಗಳಲ್ಲಿ ಇನ್ನೂ ಇರಬಹುದು. ಟೇಪಿನ ಅಂಟು ತೇವ ಹೀರಿ ಕೆಡುತ್ತದೆ. ಅಯಸ್ಕಾಂತ ಸಮೀಪವಿದ್ದರೆ ಧ್ವನಿ ಅಳಿಯುತ್ತದೆ. ಆದುದರಿಂದ ಅವುಗಳನ್ನು ಒಣ ಜಾಗದಲ್ಲಿರಿಸಿ, ಹಾಡಿದವರ ಹೆಸರು, ಊರು, ದಿನಾಂಕ ಬರೆಯೋಣ. ಡಿಜಿಟಲ್ ಪ್ರತಿ ಮಾಡಿಸಿ, ಒಂದನ್ನು ಮನೆಯಲ್ಲಿಟ್ಟು ಮತ್ತೊಂದನ್ನು ಶಾಲೆಗೆ ಕೊಡೋಣ. ಅಹಮದಾಬಾದಿನ ಟೇಪುಗಳು ಉಳಿದದ್ದು ಅವುಗಳನ್ನು ಯಾರೂ ಎಸೆಯದೆ ಇದ್ದುದರಿಂದ. ಲೋಕಕ್ಕೆ ಕೇಳಿಸಿದ್ದು ಒಬ್ಬರು ಅವುಗಳನ್ನು ಹುಡುಕಿಕೊಂಡು ಹೋದುದರಿಂದ.