ದೇವಸ್ಥಾನಕ್ಕೆ ರಕ್ಷಣೆ ಇದ್ದರೆ ನಂದಿ ಬೆಟ್ಟಕ್ಕೂ ಇದೆಯೇ?

ಬೆನ್ಸನ್ ಟೌನ್ ಪಕ್ಕದ ನಂದಿದುರ್ಗ ರಸ್ತೆಗೆ ಹೆಸರು ಕೊಟ್ಟ ಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಭಾನುವಾರ ಬೆಳಗಿನ ಜಾವ ಅಲ್ಲಿಗೆ ಹೋದವರ ಮೋಡದ ಫೋಟೋಗಳು ಗ್ರೂಪುಗಳಿಗೆ ಬರುತ್ತಲೇ ಇರುತ್ತವೆ. ಜೊತೆಗೆ ಒಂದು ನಂಬಿಕೆಯೂ ಇದೆ: ಅಲ್ಲಿ ಪುರಾತತ್ವ ಇಲಾಖೆಯ ಬೋರ್ಡ್ ಇದೆಯಲ್ಲ, ಬೆಟ್ಟವನ್ನು ಯಾರೂ ಮುಟ್ಟುವಂತಿಲ್ಲ ಎಂದು. ಇದು ಅರ್ಧ ಸತ್ಯ ಮಾತ್ರ.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಸ್ಥಾನ ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ರಕ್ಷಿತ ಜಾಗದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಒಟ್ಟು 300 ಮೀಟರ್, ಅಷ್ಟೇ. ನಂದಿ ಒಂಟಿ ಬೆಟ್ಟವಲ್ಲ. ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಗಿರಿ ಎಲ್ಲವೂ ಸೇರಿದ ಸಾಲು. ಆ 300 ಮೀಟರ್ ಈ ಸಾಲಿನ ಒಂದು ಮೂಲೆಗೂ ಸಾಲದು.

ಹಾಗಾದರೆ ಉಳಿದ ಬೆಟ್ಟವನ್ನು ಕಾಯುವುದು ಯಾವುದು? ಆ ಜಮೀನು ಯಾವ ಲೆಕ್ಕದಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಅರಣ್ಯ ಎಂದು ದಾಖಲಾಗಿದ್ದರೆ 1980ರ ಅರಣ್ಯ ಕಾಯ್ದೆಯಂತೆ ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಗೋಮಾಳವೋ ಪಟ್ಟಾ ಜಮೀನೋ ಆಗಿದ್ದರೆ ಕಲ್ಲು ಕ್ವಾರಿಗೆ ಲೈಸೆನ್ಸ್ ಕೇಳಲು ದಾರಿ ಇದೆ. ಒಂದೇ ಬೆಟ್ಟದ ಎರಡು ಮಗ್ಗುಲಿಗೆ ಎರಡು ಕಾನೂನು! ನೋಡುವವರ ಕಣ್ಣಿಗೆ ಬೆಟ್ಟ ಒಂದೇ, ಕಡತದಲ್ಲಿ ಮಾತ್ರ ಅದು ಸರ್ವೆ ನಂಬರುಗಳ ಗುಂಪು.

ಬರೀ ಬಂಡೆ ತಾನೇ, ಒಡೆದರೇನು ಎಂದು ಕೇಳುವವರಿದ್ದಾರೆ. ಅರ್ಕಾವತಿ ಹುಟ್ಟುವುದು ಇದೇ ಬೆಟ್ಟಗಳಲ್ಲಿ. 1890ರ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂದ ನಲ್ಲಿ ನೀರು ಈ ನದಿಯದ್ದೇ. ಮಳೆ ನೀರು ಬಂಡೆಯ ಬಿರುಕುಗಳಲ್ಲಿ, ಅದರ ಮೇಲಿನ ತೆಳು ಮಣ್ಣಿನಲ್ಲಿ ಇಳಿದು ನಿಧಾನಕ್ಕೆ ಹೊರಬರುತ್ತದೆ. ಇಳಿಜಾರನ್ನು ಕಡಿದರೆ ಅದೇ ಮಣ್ಣು ಹಿಡಿತ ಕಳೆದುಕೊಳ್ಳುತ್ತದೆ. 2021ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ನಂದಿ ಬೆಟ್ಟದ ರಸ್ತೆ ತಿಂಗಳುಗಟ್ಟಲೆ ಮುಚ್ಚಿದ್ದು ನಿಮಗೆ ನೆನಪಿರಬಹುದು.

ಇನ್ನೊಂದು ಮಾತು, ಬೀಜದುಂಡೆ ಎಸೆಯಲು ಹೊರಡುವವರಿಗೆ. ಇಲ್ಲಿನ ಹಳದಿ ಕತ್ತಿನ ಪಿಕಳಾರ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅಳಿವಿನ ಅಂಚಿಗೆ ಹತ್ತಿರವಾಗುತ್ತಿದೆ. ಅದಕ್ಕೆ ಬೇಕಿರುವುದು ಬಂಡೆಗಳ ನಡುವಿನ ಕುರುಚಲು ಕಾಡು. ಬೋಳಾಗಿ ಕಾಣುವ ಜಾಗದಲ್ಲೆಲ್ಲ ಗಿಡ ತುಂಬಿದರೆ ಅದಕ್ಕೆ ಉಪಕಾರವಾಗುವುದಿಲ್ಲ.

‘ನಂದಿ ಬೆಟ್ಟ ಒಡೆಯುತ್ತಿದ್ದಾರೆ’ ಎಂಬ ವಿಡಿಯೋ ಬಂದರೆ ಮೊದಲು ಯಾವ ಗ್ರಾಮ, ಯಾವ ಸರ್ವೆ ನಂಬರ್ ಎಂದು ಕೇಳಿ. ಅದು ಗೊತ್ತಾದರೆ ಲೈಸೆನ್ಸ್ ಇದೆಯೇ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು, ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಅದಿಲ್ಲದ ವಿಡಿಯೋವನ್ನು ಫಾರ್ವರ್ಡ್ ಮಾಡಿದರೆ ಯಾವ ಕಚೇರಿಯಲ್ಲೂ ಕಡತ ತೆರೆಯುವುದಿಲ್ಲ.